ಎರಡು ಗಾದಿ ಅಗಲದ ದಾರಿ

ನಮ್ಮ ಯಜಮಾನರ ಹೆಸರು ಫಕೀರಸಾಬ. ಹತ್ತಿ ಹಿಂಜಿ ಗಾದಿ ಹೊಲಿಯುವ ಪಿಂಜಾರರು. ಲಕ್ಷ್ಮೇಶ್ವರದಿಂದ ಎರಡು ಹರದಾರಿ ಒಳಗೆ, ಹಳ್ಳದ ದಂಡೆಗೆ ನಮ್ಮೂರು. ಊರೊಳಗೆ ನಮ್ಮ ಓಣಿ ಅಂದರೆ ಹದಿನೆಂಟು ಮನೆ. ನಮಾಜಿನ ಮಾತು ಬಿಟ್ಟರೆ ಮನೆಯಲ್ಲಿ ನಾವು ಆಡುವುದೂ ಕನ್ನಡವೇ.

ಅವರು ಹಿಂಜುವ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಒಂದು ದಿನ ಯಳವತ್ತಿ, ಒಂದು ದಿನ ಮಾಗಡಿ, ಒಮ್ಮೊಮ್ಮೆ ಶಿರಹಟ್ಟಿಯವರೆಗೆ ಹೋಗುತ್ತಿದ್ದರು. ಓಣಿಯ ಬಾಯಿಗೆ ನಿಂತು ಬಿಲ್ಲಿನ ತಂತಿಯನ್ನು ಒಮ್ಮೆ ಮೀಟಿದರೆ ಸಾಕು, ಕೂಗುವ ಕೆಲಸ ಇರುತ್ತಿರಲಿಲ್ಲ. ಹೆಂಗಸರು ಹಳೆಯ ಗಾದಿ ಎಳೆದುಕೊಂಡು ಹೊರಗೆ ಬರುತ್ತಿದ್ದರು. ಹೊಲಿಗೆ ಬಿಚ್ಚುವ ಮೊದಲು ಇವರು ಗಾದಿಯ ಮೇಲೆ ಅಂಗೈ ಆಡಿಸಿ, ಎಲ್ಲೆಲ್ಲಿ ಕುಳಿ ಬಿದ್ದಿದೆ ನೋಡಿ, "ಈ ಮನ್ಯಾಗ ಗಂಡ ಗ್ವಾಡಿ ಕಡೆ ಮಕ್ಕೊಂತಾನ, ಹೆಣ್ತಿ ಬಾಗಲ ಕಡೆ. ನಡುವ ಒಂದು ಎಮ್ಮಿ ಮಕ್ಕೊಳ್ಳುವಷ್ಟು ಜಾಗಾ ಐತಿ. ಮಾತು ಬಿಟ್ಟು ಎಷ್ಟ ದಿನಾ ಆತವ್ವ?" ಅನ್ನುತ್ತಿದ್ದರು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದರು.

"ಮಂದಿ ಮನಿ ಉಸಾಬರಿ ನಿನಗ್ಯಾಕೋ ಫಕೀರಣ್ಣ, ಹತ್ತಿ ಹಿಂಜು."

"ಹತ್ತಿನ ಹೇಳಾಕತ್ತೈತಿ, ನಾ ಏನ ಮಾಡ್ಲಿ?"

ಚಳಿಗಾಲದಲ್ಲಿ ಮಾಗಡಿ ಕೆರೆಗೆ ದೂರದ ಹಕ್ಕಿಗಳು ಬಂದಾಗ ಕೆರೆ ಏರಿಯ ಮೇಲೆ ಸೈಕಲ್ ನಿಲ್ಲಿಸಿ ಬಹಳ ಹೊತ್ತು ನೋಡಿ ಬರುತ್ತಿದ್ದರು. "ಅವಕ್ಕ ನನ್ನ ಗೊಡವಿ ಇಲ್ಲ ದಿಲಶಾದ. ತಮ್ಮ ಗಾದಿ ತಾವ ಮೈಮ್ಯಾಲ ಹೊತ್ಕೊಂಡು ಬಂದಾವ" ಎಂದು ನನಗೆ ಹೇಳುತ್ತಿದ್ದರು. ಅಂಥ ಮನುಷ್ಯರು. ಯಾರ ಮೇಲೂ ದನಿ ಎತ್ತಿದ್ದು ನಾನು ಕೇಳಿಲ್ಲ. ಸುಳ್ಳು ಹೇಳಲು ಹೋದರೆ ಅವರ ಕಿವಿಯ ತುದಿ ಕೆಂಪಗಾಗುತ್ತಿತ್ತು.

ನಮ್ಮ ಓಣಿಗೆ ಒಂದು ಕೊರತೆ ಇತ್ತು. ಖಬರಸ್ತಾನ ಊರಿನ ಪಡುವಲಕ್ಕೆ, ದಿಬ್ಬದ ಮೇಲೆ. ನಡುವೆ ಪುಂಡಲೀಕಪ್ಪನವರ ಎರೆ ಹೊಲ. ಹಿಂದೆ ಹೊಲದ ಅಂಚಿಗೆ ಬಂಡಿ ಹೋಗುವಷ್ಟು ದಾರಿ ಇತ್ತಂತೆ. ಆ ಮನೆತನದ ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡಾಗ ಒಬ್ಬೊಬ್ಬರು ಒಂದೊಂದು ಸಾಲು ಒಳಗೆ ಸರಿಸಿ ಉಳುತ್ತ, ದಾರಿಯೆಲ್ಲ ಹೊಲವೇ ಆಗಿ ಒಂದು ಬದು ಉಳಿಯಿತು. ಜೀವ ಇದ್ದವರಿಗೆ ಆ ಬದು ಸಾಕು, ಒಬ್ಬರ ಹಿಂದೆ ಒಬ್ಬರು ಹೋಗಬಹುದು. ಜನಾಜಾಕ್ಕೆ, ಅಂದರೆ ಹೆಣ ಹೊರುವ ಮಂಚಕ್ಕೆ, ಎಡಕ್ಕೂ ಬಲಕ್ಕೂ ಹೆಗಲು ಬೇಕು. ಬೇಸಿಗೆಯಲ್ಲಿ ಸತ್ತರೆ ಬರಿ ಹೊಲದಲ್ಲಿ ಒಯ್ಯುತ್ತಿದ್ದರು. ಬೆಳೆ ನಿಂತಾಗ ಸತ್ತವರನ್ನು ಹಳ್ಳಕ್ಕೆ ಇಳಿದು, ದಿಬ್ಬವನ್ನು ಸುತ್ತು ಹಾಕಿ ಒಯ್ಯಬೇಕು. ಮಳೆಗಾಲದಲ್ಲಿ ಹಳ್ಳದ ನೀರು ನಡುಮಟ ಬರುತ್ತದೆ.

ನನ್ನ ಮಾವ ತೀರಿಕೊಂಡದ್ದು ಅಂಥ ದಿನದಲ್ಲೇ. ಹಳ್ಳ ತುಂಬಿ ಹರಿಯುತ್ತಿತ್ತು. ಹೊತ್ತವರು ಬೇರೆ ದಾರಿ ಕಾಣದೆ ಬೆಳೆಯ ನಡುವೆಯೇ ಹಾಯ್ದರು. ಆಗ ಹೊಲ ನೋಡಿಕೊಳ್ಳುತ್ತಿದ್ದವರು ಪುಂಡಲೀಕಪ್ಪನವರ ತಂದೆ. ಅವರು ಬದುವಿನ ಮೇಲೆ ನಿಂತು ಬೈದ ಬೈಗುಳ ಊರಿಗೆಲ್ಲ ಕೇಳಿತು. ನಾವು ಹೆಂಗಸರು ಖಬರಸ್ತಾನಕ್ಕೆ ಹೋಗುವುದಿಲ್ಲ, ಮಾಳಿಗೆಯ ಮೇಲೆ ನಿಂತು ನೋಡುತ್ತೇವೆ. ನನ್ನ ಅತ್ತೆ ಮೋತಿಬಿ ಗಂಡನನ್ನು ಹಾಗೆ ಕಳಿಸಿದರು. ಅಳುವುದನ್ನು ನಿಲ್ಲಿಸಿ ಆ ಬೈಗುಳ ಕೇಳಿದರು. ಅಂದಿನಿಂದ ಅವರದು ಒಂದೇ ಮಾತು.

"ನನ್ನ ಹಂಗ ಒಯ್ಯಬ್ಯಾಡ್ರಿ. ಬೈಸ್ಕೊಂತ ಹೋಗಾಕ ನಾ ಏನ ಕದ್ದೀನಿ?"

ಅತ್ತೆಗೆ ಮಗ ಒಬ್ಬರೇ. ತಾಯಿಯ ಆ ಮಾತನ್ನು ಅವರು ಮೈಮೇಲೆ ಹೊತ್ತುಕೊಂಡರು. ಬಟ್ಟೆ ಅಳೆಯುವ ಗಜಕೋಲು ಒಯ್ದು ಹೊಲದ ಅಂಚಿಗೆ ಇಟ್ಟು ನೋಡಿ ಬಂದರು. "ಎರಡು ಗಾದಿ ಅಗಲ ಬಿಟ್ರ ಸಾಕು. ಅದಕ್ಕಿಂತ ಜಾಸ್ತಿ ಯಾರಿಗೂ ಬ್ಯಾಡ" ಅಂದರು.

ಅದೇ ವರ್ಷ ಚುನಾವಣೆ ಬಂತು. ನಿಂತಿದ್ದ ಸಾಹೇಬರು ನಮ್ಮ ಓಣಿಗೂ ಬಂದರು. ಅವರ ಹೆಸರು ನನಗೆ ಈಗ ಬೇಡ. ನಮ್ಮ ಮನೆಯೊಳಗೆ ಬಂದು ಅತ್ತೆಯ ಗಾದಿಯ ಮೇಲೆ ಕೂತು ಚಹ ಕುಡಿದರು. ಅತ್ತೆಯೇ ಬಾಯಿಬಿಟ್ಟು ದಾರಿ ಕೇಳಿದರು. ಸಾಹೇಬರು ನಕ್ಕರು.

"ಇಷ್ಟನ? ನೀ ಏನೋ ದೊಡ್ಡದು ಕೇಳ್ತೀಯಂತ ಅಂಜಿದ್ನೆಲ್ಲವ್ವ. ಆರಿಸಿ ಬಂದು ಆರು ತಿಂಗಳದಾಗ ಮಾಡಿಸ್ತೀನಿ."

ಹದಿನೆಂಟು ಮನೆಯ ಓಟೂ ಅವರಿಗೇ ಬಿದ್ದವು. ನಮ್ಮವರು ಆ ದಿನ ಈದಿಗೆ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡು, ಅತ್ತೆಯನ್ನು ಕೈ ಹಿಡಿದು ಶಾಲೆಯವರೆಗೆ ಕರೆದುಕೊಂಡು ಹೋಗಿದ್ದರು. ಸಾಹೇಬರು ಆರಿಸಿ ಬಂದರು. ಆರು ತಿಂಗಳು ಹೋದವು, ವರ್ಷ ಹೋಯಿತು.

ಆಮೇಲೆ ಗದಗ ಬೇರೆ ಜಿಲ್ಲೆಯಾಯಿತು. ಲಕ್ಷ್ಮೇಶ್ವರದ ಪೇಟೆಯಲ್ಲಿ ಪೇಢೆ ಹಂಚಿದರು. ನಮ್ಮವರು ಒಂದು ಪೇಢೆ ಕಾಗದದಲ್ಲಿ ಸುತ್ತಿಕೊಂಡು ಬಂದು ತಾಯಿಯ ಬಾಯಿಗೆ ಇಟ್ಟರು. "ಧಾರವಾಡಕ್ಕ ಹೋಗೋ ಕಷ್ಟ ತಪ್ಪಿತವ್ವ. ಇನ್ನ ಕಚೇರಿ ನಮ್ಮ ಹಿತ್ತಲದಾಗ ಬಂದಂಗ" ಅಂದರು. ಏಳು ಸಲ ಗದಗಕ್ಕೆ ಹೋದರು. ಒಂದು ಟೇಬಲ್ಲಿನವರು ಇನ್ನೊಂದು ಟೇಬಲ್ ತೋರಿಸಿದರು. ಒಬ್ಬರು ಸಾಹೇಬರ ಚೀಟಿ ತಾ ಅಂದರು. ಸಾಹೇಬರ ಮನೆಗೆ ಹೋದರೆ, ಕಚೇರಿಯಲ್ಲಿ ಕೊಡು ಅಂದರು. ಏಳನೆಯ ಸಲ ಬಂದವರು ಕಾಲು ತೊಳೆದುಕೊಳ್ಳದೆ ಕಟ್ಟೆಯ ಮೇಲೆ ಕೂತರು.

"ಭಾಂವ್ಯಾಗ ಕಲ್ಲು ಒಗದ್ರ ಸಪ್ಪಳರ ಬರತೈತಿ ದಿಲಶಾದ. ಓಟು ಹಾಕಿದ್ರ ಅದೂ ಇಲ್ಲ" ಅಂದರು.

ಅಷ್ಟರಲ್ಲಿ ಅತ್ತೆ ಎಡಗಡೆಯ ಕೈಕಾಲು ಬಿದ್ದುಹೋಗಿ ಹಾಸಿಗೆ ಹಿಡಿದರು. ಮಗ ಅವರಿಗೆಂದು ಒಂದು ಗಾದಿ ಮಾಡಿದ್ದರು. ಒಂದೊಂದೇ ಬೀಜ ಹುಡುಕಿ ತೆಗೆದು, ಮೂರು ಸಲ ಹಿಂಜಿದ ಜಯಧರ ಹತ್ತಿ. ಅದರ ಮೇಲೆ ಮಲಗಿದ್ದಕ್ಕೆ ಮೈ ಹುಣ್ಣಾಗಿರಲಿಲ್ಲ.

ಪುಂಡಲೀಕಪ್ಪನವರು ಕೆಟ್ಟವರಲ್ಲ, ಅದನ್ನೂ ಹೇಳಬೇಕು. ಅವರ ತೊಟ್ಟಿಲಿನ ಗಾದಿ ಹೊಲಿದವರೇ ಅತ್ತೆ. ಅತ್ತೆ ಹಾಸಿಗೆ ಹಿಡಿದ ಸುದ್ದಿ ಕೇಳಿ ಒಂದು ಸಂಜೆ ಬಂದು ಬಾಗಿಲಲ್ಲಿ ನಿಂತು ನಮ್ಮವರನ್ನು ಹೊರಗೆ ಕರೆದರು.

"ಖಾಯಂ ದಾರಿ ಕೇಳಬ್ಯಾಡ ಫಕೀರಸಾಬ. ನನಗೂ ಮೂರು ಮಂದಿ ಗಂಡುಮಕ್ಕಳದಾರ. ಆದ್ರ ನಿಮ್ಮವ್ವ ಮೋತೆವ್ವಂದು ಬ್ಯಾರೆ. ಅಕಿ ದಿನಾ ಬಂದ್ರ ಬೆಳಿ ಇದ್ರೂ ನಾನ ನಿಂತು ನಾಕು ಸಾಲು ಕಿತ್ತಿ ಕೊಡ್ತೀನಿ. ಬಾಯಿ ಬಿಚ್ಚಾಂಗಿಲ್ಲ."

"ನಮ್ಮವ್ವಗ ಆತ್ರಿ ಅಣ್ಣಾರ. ಅಕಿ ಹಿಂದ ಹೋಗೋರಿಗೆ?"

"ಅವರದು ಅವಾಗ ನೋಡೂಣು."

ನಮ್ಮವರು ಆಗಲಿ ಅಂದರು, ಆದರೆ ಮನಸ್ಸಿನಲ್ಲಿ ಓಣಿಯೆಲ್ಲ ಇತ್ತು. ಒಬ್ಬರಿಗೆ ಸಿಕ್ಕ ದಯೆ ಹದಿನೆಂಟು ಮನೆಗೆ ಬರುವುದಿಲ್ಲ ಎಂದು ಅವರಿಗೆ ಅನಿಸಿತ್ತು. ಅವರು ತಪ್ಪಿದರು ಅಂದರೆ ಅಲ್ಲಿಯೇ ತಪ್ಪಿದರು.

ಮುಂದಿನ ಚುನಾವಣೆ ಬಂದದ್ದು ಮಳೆಗಾಲ ಮುಗಿಯುತ್ತ ಬಂದಾಗ. ಪುಂಡಲೀಕಪ್ಪನವರ ಹೊಲದಲ್ಲಿ ಹತ್ತಿಯ ಗಿಡ ಸೊಂಟದವರೆಗೆ ಬೆಳೆದು ಹಳದಿ ಹೂ ಬಿಟ್ಟಿದ್ದವು. ಊರ ಕಡೆಯಿಂದ ಪಕ್ಷದ ಕೆಲಸ ನೋಡುತ್ತಿದ್ದವರು ಚನ್ನಬಸವಣ್ಣ. ಮೋಟರ್ ಸೈಕಲ್ಲು ನಿಲ್ಲಿಸಿ ಒಳಗೆ ಬಂದರು.

"ಫಕೀರಸಾಬ, ಲಕ್ಷ್ಮೇಶ್ವರದಾಗ ಸಾಹೇಬ್ರ ದೊಡ್ಡ ಸಭಾ ಐತಿ. ಅವರಿಗೆ ಬೆನ್ನುನೋವು, ಖುರ್ಚಿ ಮ್ಯಾಲ ಕುಂಡ್ರಾಕ ಆಗೂದಿಲ್ಲ. ವೇದಿಕಿಗೆ ಎರಡು ಗಾದಿ, ನಾಕು ಲೋಡು ಆಗಬೇಕು. ಬಟ್ಟಿ ನಾ ತಂದೀನಿ, ಹತ್ತಿ ನಿಂದು."

"ಈಗೆಲ್ಲಿ ಹತ್ತಿರಿ ಅಣ್ಣಾರ? ಹೊಸಾ ಹತ್ತಿ ದೀಪಾವಳಿ ದಾಟಬೇಕು. ಮತ್ತ, ನಾ ಈ ಸಲ ಸಭಾಕ್ಕೂ ಬರಾಂಗಿಲ್ಲ, ಓಟಿಗೂ ಬರಾಂಗಿಲ್ಲ."

ಚನ್ನಬಸವಣ್ಣ ಸಿಟ್ಟಾಗಲಿಲ್ಲ, ಹತ್ತಿರ ಕೂತರು. "ಹುಚ್ಚ ಅದೀ ಏನು? ನಿನ್ನ ಅರ್ಜಿ ಎಷ್ಟ ಕಚೇರಿ ತಿರಗಿದ್ರೂ ಆಗಲಿಲ್ಲ. ಗಾದಿ ಮಾಡಿದಾಂವ ಅಂದ್ರ ನಿನ್ನ ವೇದಿಕಿ ಮ್ಯಾಲ ಬಿಡ್ತಾರ. ಸಾಹೇಬ್ರು ಕುಂತಾಗ ಕೈಯಾಗ ಕೊಡು. ಅಷ್ಟು ಮಂದಿ ಮುಂದ ಇಲ್ಲ ಅನ್ನಾಂಗಿಲ್ಲ, ಅಲ್ಲೇ ಸಹಿ."

ಒಳಗಿನ ಕೋಣೆಯಿಂದ ಅತ್ತೆಯ ದನಿ ಬಂತು. ನಾಲಿಗೆ ತೊಡರುತ್ತಿತ್ತು, ಆದರೂ ತಿಳಿಯುತ್ತಿತ್ತು.

"ನನ್ನ ಗಾದಿ ಬಿಚ್ಚೋ ಫಕೀರ."

"ನೀ ಸುಮ್ಮನಿರವ್ವ."

"ದಾರಿ ಆಕ್ಕೈತಿ ಅಂದ್ರ ನಾಕು ದಿನಾ ಕೌದಿ ಮ್ಯಾಲ ಮಕ್ಕೊಂತೀನಿ. ಮಕ್ಕೊಳ್ಳೋದು ಬಿಟ್ಟು ನನಗೇನು ಕೆಲಸ ಐತಿ?"

ಆ ಗಾದಿಯನ್ನು ಅವರು ಹೇಗೆ ಬಿಚ್ಚಿದರೆಂದು ನಾನು ನೋಡಿದ್ದೇನೆ. ನಮ್ಮಿಬ್ಬರ ಗಾದಿ, ಮಗಳು ಫರ್ಹಾನಾಳ ಗಾದಿ ಒಂದು ತಾಸಿನಲ್ಲಿ ಬಿಚ್ಚಿ ಹಿಂಜಿ ಮುಗಿಸಿದವರು ತಾಯಿಯದನ್ನು ಮುಟ್ಟಲು ಮಧ್ಯಾಹ್ನ ಮಾಡಿದರು. ಒಂದೊಂದೇ ಹೊಲಿಗೆ ಕತ್ತರಿಸಿದರು. ಅಂಗಳದಲ್ಲಿ ಹತ್ತಿ ಹಾರಿ ಅವರ ಹುಬ್ಬಿನ ಮೇಲೆ, ಗಡ್ಡದ ಮೇಲೆ ಕೂತಿತು. ಅತ್ತೆಯ ಹತ್ತಿಯನ್ನು ಸಾಹೇಬರು ಕೂಡುವ ಗಾದಿಗೇ ತುಂಬಿದರು. ನಾಲ್ಕು ಕೌದಿ ಮಡಚಿ ನೆಲದ ಮೇಲೆ ಹಾಕಿ ಅತ್ತೆಯನ್ನು ಮಲಗಿಸಿದೆವು. ಫರ್ಹಾನಾ ಏಳನೆಯ ಇಯತ್ತೆ ಓದುತ್ತಿದ್ದಳು, ಅರ್ಜಿಯನ್ನು ಅವಳೇ ಚೆಂದ ಅಕ್ಷರದಲ್ಲಿ ಬರೆದುಕೊಟ್ಟಳು.

ಸಭೆಯ ದಿನ ಹೆಂಗಸರಿಗೂ ಟ್ರ್ಯಾಕ್ಟರ್ ಬಂತು. ಅತ್ತೆಯ ಹತ್ತಿರ ಫರ್ಹಾನಾಳನ್ನು ಕೂರಿಸಿ ನಾನೂ ಹತ್ತಿದೆ. ಸಹಿಯಾಗುವುದನ್ನು ನಾನು ಕಣ್ಣಾರೆ ನೋಡಬೇಕಿತ್ತು. ದಾರಿಯಲ್ಲಿ ಚನ್ನಬಸವಣ್ಣ ಟ್ರೇಲರಿನ ಮೂಲೆಗೆ ನಿಂತು ಹೇಳಿಕೊಟ್ಟರು. "ಸಾಹೇಬ್ರ ಬಾಯಾಗ ನಮ್ಮ ಊರ ಹೆಸರು ಬಂತಂದ್ರ ಎಲ್ಲಾರೂ ಜೋರಾಗಿ ಚಪ್ಪಾಳಿ ಹೊಡೀಬೇಕ್ರೆವ್ವಾ. ಹೋದ ಸಲ ಬ್ಯಾರೆ ಊರಾಗ ಹೆಣಮಕ್ಕಳು ನಿದ್ದಿ ಹೊಡದು ಮರ್ಯಾದಿ ಕಳದ್ರು."

ಬಯಲಿನಲ್ಲಿ ಶಾಮಿಯಾನ ಹಾಕಿದ್ದರು, ಅದರ ನೆರಳು ನಾವು ಕೂತ ಕಡೆ ಬರಲಿಲ್ಲ. ಹನ್ನೊಂದಕ್ಕೆ ಅಂದದ್ದು ಎರಡಾಯಿತು. ತಲೆಗೆ ಸೆರಗು, ಮೇಲೆ ಬಿಸಿಲು, ಕೆಳಗೆ ಹಿಂದಿನ ದಿನದ ಮಳೆಯ ಹಸಿ. ಒಬ್ಬೊಬ್ಬರಿಗೆ ಒಂದು ಕಾಗದದಲ್ಲಿ ಉಪ್ಪಿಟ್ಟು ಕೊಟ್ಟರು. ಪಕ್ಕದ ಊರಿನ ಒಬ್ಬಾಕೆ, "ಇವರದು ತಿಂದ್ವಿ, ನಾಳೆ ಅವರದು ಐತಿ, ಅಲ್ಲಿ ಮಿರ್ಚಿನೂ ಕೊಡ್ತಾರಂತ" ಅಂದಳು. ನಾನು ನಗಲಿಲ್ಲ. ನನ್ನ ಕಣ್ಣು ವೇದಿಕೆಯ ಮೂಲೆಯ ಮೇಲಿತ್ತು. ಅಲ್ಲಿ ನಮ್ಮವರು ಬಿಳಿ ಅಂಗಿ ಹಾಕಿಕೊಂಡು ನಿಂತಿದ್ದರು. ಯಾರಾದರೂ ಎದ್ದು ಹೋದರೆ ಸುಕ್ಕಾದ ಗಾದಿಯನ್ನು ಬಗ್ಗಿ ಸರಿಮಾಡಿ ಮತ್ತೆ ಮೂಲೆಗೆ ನಿಲ್ಲುತ್ತಿದ್ದರು. ಅಂಗಿಯ ಜೇಬಿನಲ್ಲಿ ಅರ್ಜಿ.

ಸಾಹೇಬರು ಬಂದರು. ಹೂವಿನ ಹಾರ ಕುತ್ತಿಗೆ ಮುಚ್ಚಿತ್ತು. ಗಾದಿಯ ಮೇಲೆ ಕೂತು, ಲೋಡಿಗೆ ಒರಗಿ, ಒಮ್ಮೆ ಕಣ್ಣು ಮುಚ್ಚಿ ಬೆನ್ನನ್ನು ಒತ್ತಿ ನೋಡಿದರು. ಅವರಿಗೆ ಹಾಯೆನಿಸಿತು, ಅದು ನನಗೆ ಅಷ್ಟು ದೂರದಿಂದ ತಿಳಿಯಿತು. ನಮ್ಮವರು ಜೇಬಿಗೆ ಕೈ ಹಾಕಿ ಒಂದು ಹೆಜ್ಜೆ ಮುಂದೆ ಇಟ್ಟರು. ಅಷ್ಟರಲ್ಲಿ ಮೈಕಿನವನು ಸಾಹೇಬರ ಹೆಸರು ಕೂಗಿದ, ಅವರು ಎದ್ದು ಮಾತಿಗೆ ನಿಂತರು.

ಬಹಳ ಹೊತ್ತು ಮಾತಾಡಿದರು. ಹೊಸ ಜಿಲ್ಲೆಯನ್ನು ತಾವೇ ಹೊತ್ತು ತಂದಂತೆ ಹೇಳಿದರು. ಕೊನೆಗೆ ಕಿಸೆಯಿಂದ ಒಂದು ಕಾಗದ ತೆಗೆದು, ಯಾವ ಊರಿಗೆ ಏನು ಮಾಡಿದ್ದೇವೆಂದು ಒಂದೊಂದೇ ಓದಲು ಹತ್ತಿದರು. ಒಂದು ಊರಿಗೆ ಶಾಲೆಯ ಕೋಣೆ, ಒಂದು ಊರಿಗೆ ನೀರಿನ ಟಾಕಿ. ಒಂದೊಂದು ಹೆಸರಿಗೂ ಒಂದೊಂದು ಕಡೆಯಿಂದ ಚಪ್ಪಾಳೆ. ನಮ್ಮ ಊರಿನ ಹೆಸರು ಬಂತು. ನಾನು ಚಪ್ಪಾಳೆ ಹೊಡೆದೆ. ನಮ್ಮ ಓಣಿಯ ಹೆಂಗಸರೆಲ್ಲ ಹೊಡೆದರು. ಆ ಸದ್ದಿನಲ್ಲಿಯೇ ಮುಂದಿನ ಮಾತು ನನ್ನ ಕಿವಿಗೆ ಬಂತು.

"ನೂರು ವರ್ಷದಿಂದ ಅಲ್ಲಿನ ನಮ್ಮ ಮುಸಲ್ಮಾನ ಬಾಂಧವರಿಗೆ ಖಬರಸ್ತಾನಕ್ಕೆ ದಾರಿ ಇರಲಿಲ್ಲ. ಇವತ್ತು ಅಲ್ಲಿ ಹೋಗಿ ನೋಡಿ, ಬಂಡಿ ಹೋಗುವಂಥ ರಸ್ತೆ ಆಗಿದೆ."

ನನ್ನ ಕೈ ಇನ್ನೂ ಹೊಡೆಯುತ್ತಲೇ ಇದ್ದವು. ನಿಲ್ಲಿಸಬೇಕೆಂದು ಹೊಳೆಯುವುದಕ್ಕೆ ಮೊದಲು ಎರಡು ಸಲ ಹೊಡೆದೆ. ಅದು ನನಗೆ ಚೆನ್ನಾಗಿ ನೆನಪಿದೆ, ಎರಡು ಸಲ.

ವೇದಿಕೆಯ ಮೇಲೆ ಚನ್ನಬಸವಣ್ಣ ನಮ್ಮವರ ಕೈಯಲ್ಲಿ ಒಂದು ಹಾರ ಕೊಟ್ಟು ಮುಂದೆ ದೂಡಿದರು. ಮೈಕಿನವನು, "ದಾರಿ ಪಡೆದ ಊರಿನವರಿಂದ ಸಾಹೇಬರಿಗೆ ಮಾಲಾರ್ಪಣೆ" ಅಂದ. ನಮ್ಮವರಿಗೆ ಎರಡೂ ಕೈಯಲ್ಲಿ ಹಾರ. ಅವರು ಏನೋ ಹೇಳಲು ಬಾಯಿ ತೆರೆದರು. ಸಾಹೇಬರು ಅಷ್ಟರಲ್ಲಿ ತಲೆ ಬಗ್ಗಿಸಿಯಾಗಿತ್ತು. ಬಗ್ಗಿದ ತಲೆಗೆ ಹಾರ ಹಾಕದೆ ಹೇಗೆ ಬಿಡುವುದು? ಹಾಕಿದರು. ಸಾಹೇಬರು ಅವರ ಹೆಗಲು ತಟ್ಟಿದರು, ಫೋಟೋದವನು ಫೋಟೋ ಹೊಡೆದ.

ಸಭೆ ಮುಗಿದ ಮೇಲೆ ವೇದಿಕೆಯ ಹಿಂದೆ ನಾನು ಹೋದಾಗ ಅವರು ಚನ್ನಬಸವಣ್ಣನವರ ಮುಂದೆ ಅರ್ಜಿ ಹಿಡಿದುಕೊಂಡು ನಿಂತಿದ್ದರು.

"ದಾರಿ ಆಗಿಲ್ಲಲ್ರಿ ಅಣ್ಣಾರ."

"ಆಗೂದ ಐತಲ್ಲ. ಆ ಪಟ್ಟಿ ನಾನ ಬರದು ಕೊಟ್ಟಿದ್ದೆ. ಒಂದೀಟು ಮೊದಲ ಹೇಳ್ಯಾರ, ಅಷ್ಟ."

"ಹಂಗಾರ ಇದಕ್ಕ ಸಹಿ ಹಾಕಿಸ್ರಿ."

"ಆದ ರಸ್ತಾಕ್ಕ ಮತ್ತ ಅರ್ಜಿ ಎಂಥಾದ್ದೋ? ಈಗ ಇದನ್ನ ತೋರಿಸಿದ್ರ ಸಾಹೇಬ್ರನ್ನ ಮಂದಿ ಮುಂದ ಸುಳ್ಳ ಮಾಡಿದಂಗ ಆಕ್ಕೈತಿ. ಚುನಾವಣಿ ಮುಗೀಲಿ."

"ಗಾದಿನರ ಕೊಡ್ರಿ. ನಮ್ಮವ್ವ ನೆಲದ ಮ್ಯಾಲ ಮಲಗ್ಯಾಳ."

"ನಾಳೆ ಶಿರಹಟ್ಟಿ, ನಾಡದು ಮುಂಡರಗಿ. ಸಾಹೇಬ್ರಿಗೆ ಭಾಳ ಸೇರೇತಿ ನಿನ್ನ ಗಾದಿ. ಎಲ್ಲಾ ಮುಗದ ಮ್ಯಾಲ ನಾನ ತಂದು ಮುಟ್ಟಸ್ತೀನಿ."

ನಮ್ಮ ಕಣ್ಣೆದುರಿಗೇ ಗಾದಿ ಸುತ್ತಿ ಟೆಂಪೋದಲ್ಲಿ ಹಾಕಿದರು.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಅತ್ತೆ ಬಾಗಿಲ ಕಡೆ ಮುಖ ಮಾಡಿ ಮಲಗಿದ್ದರು. "ಏನಾತೋ?" ಅಂದರು. ನಮ್ಮವರು ಅವರ ಪಕ್ಕದಲ್ಲಿ ನೆಲದ ಮೇಲೆ ಕೂತರು. ಅರ್ಜಿ ಇನ್ನೂ ಜೇಬಿನಲ್ಲಿಯೇ ಇತ್ತು.

"ಆತವ್ವ" ಅಂದರು.

"ಸಹಿ ಹಾಕಿದ್ರು?"

"ಹಾಕಿದ್ರು. ಮೈಕಿನ್ಯಾಗೂ ಹೇಳಿದ್ರು. ಎಲ್ಲಾರೂ ಚಪ್ಪಾಳಿ ಹೊಡದ್ರು. ಬೇಕಾರ ದಿಲಶಾದನ್ನ ಕೇಳು."

ಅತ್ತೆ ನನ್ನ ಕಡೆ ನೋಡಿದರು. ನಾನು ಹೌದೆಂದು ತಲೆ ಆಡಿಸಿದೆ.

ಮರುದಿನದಿಂದ ಅತ್ತೆಯ ಬೆನ್ನ ಮೇಲೆ ಕೆಂಪು ಕಾಣಿಸಿತು. ಆಮೇಲೆ ಹುಣ್ಣಾಯಿತು. ಬೇವಿನೆಲೆಯ ನೀರಿನಿಂದ ತೊಳೆದೆ, ಮಗ್ಗುಲು ಹೊರಳಿಸಿದೆ. ಎಂಟನೆಯ ದಿನ ಜ್ವರ ಬಂದು, ಹತ್ತನೆಯ ದಿನ ಬೆಳಗಿನ ಬಾಂಗಿನ ಹೊತ್ತಿಗೆ ಹೋದರು.

ಹಿರಿಯರಾದ ಇಸ್ಮಾಯಿಲಸಾಬರು ಗೋರಿ ತೋಡಲು ಇಬ್ಬರನ್ನು ಕಳಿಸಿ ನಮ್ಮವರಿಗೆ, "ಪುಂಡಲೀಕಪ್ಪಗ ಒಂದು ಮಾತು ಹೇಳಿ ಬಾ. ಸಾಲು ಕಿತ್ತಿ ಕೊಡ್ತೀನಂದಿದ್ನೆಲ್ಲ" ಅಂದರು. ಹೋಗುವುದೇ ಬೇಕಾಗಲಿಲ್ಲ. ಸುದ್ದಿ ಕೇಳಿ ಪುಂಡಲೀಕಪ್ಪನವರೇ ಬಂದರು. ಅತ್ತೆಯ ಮುಖ ನೋಡಿ ಅತ್ತರು. ಅಂಗಳಕ್ಕೆ ಬಂದು ಕಣ್ಣು ಒರೆಸಿಕೊಂಡ ಮೇಲೆ ಅವರ ಮಾತು ಬೇರೆಯಾಯಿತು.

"ಫಕೀರಸಾಬ, ಹೊಲದಾಗ ಬರಬ್ಯಾಡ್ರಿ."

"ಅಣ್ಣಾರ, ನೀವ ಅಂದಿದ್ರಿ."

"ಅಂದಿದ್ದೆ, ಖರೆ. ಅವಾಗ ಅದು ನನ್ನ ಹೊಲಾ ಇತ್ತು. ಈಗ ಊರ ಮಂದಿ ಎಲ್ಲಾ ನನಗ, ನಿನ್ನ ಹೊಲದಾಗ ಬಂಡಿ ರಸ್ತಾ ಆಗೇತಂತಲ್ಲೋ ಅಂತ ನಗಾಕತ್ತಾರ. ಸಾವಿರ ಮಂದಿ ಮುಂದ ಸಾರ್ಯಾರ. ಇವತ್ತ ಮೋತೆವ್ವ ಇದರಾಗ ಹಾದು ಹೋದ್ಲಂದ್ರ, ನಾಳೆ ಸರ್ವೇದವರು ಬಂದು ಹೌದು ಇಲ್ಲಿ ದಾರಿ ಐತಿ ಅಂತಾರ. ನಂದು ಹೋಗತೈತಿ."

"ದಾರಿ ಆಗಿಲ್ಲ ಅಂತ ನಾ ಎಲ್ಲಿ ಬೇಕಾದ್ರೂ ಹೇಳ್ತೀನಿ."

"ನೀನು ಹೇಳ್ತೀಯೋ? ಸಭಾದಾಗ ನಾನೂ ಇದ್ದೆ. ಮಾಲಿ ಹಾಕಿದಾಂವ ನೀನು. ನಿಮ್ಮ ಹೆಣಮಕ್ಕಳು ಕೈ ಹೊಡಿಯೋದು ಕಣ್ಣಾರೆ ನೋಡೀನಿ."

ಹಾಗೆ ಹೇಳುವಾಗ ಅವರು ನನ್ನನ್ನು ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನಿಸಿದೆ. ಓಣಿಯ ಹುಡುಗರು ದನಿ ಎತ್ತಿದರು. ನಮ್ಮವರು ಕೈ ಅಡ್ಡ ಹಿಡಿದರು. "ಯಾರೂ ಬಾಯಿ ಮಾಡಬ್ಯಾಡ್ರಿ. ಬೈಗುಳ ಬ್ಯಾಡ ಅಂತ ಹೇಳಿ ಹೋಗ್ಯಾಳ ಅಕಿ" ಅಂದರು.

ಹಳ್ಳದ ದಾರಿಯಲ್ಲೇ ಒಯ್ದರು. ನಾನು ಮಾಳಿಗೆಯ ಮೇಲೆ ನಿಂತು ನೋಡಿದೆ. ಮಣ್ಣು ಕೊಡುವ ಜಾಗ ನಮಗೆ ಕಾಣುವಷ್ಟು ಹತ್ತಿರ, ಎದುರಿಗೇ ಇದೆ. ಜನಾಜಾ ಅದಕ್ಕೆ ಬೆನ್ನು ಮಾಡಿ ಹೊರಟಿತು. ಹಳ್ಳದಲ್ಲಿ ಇಳಿದಾಗ ಹೊತ್ತವರ ಹೆಗಲಷ್ಟೇ ಕಂಡವು, ಆಮೇಲೆ ಬಿಳಿ ಬಟ್ಟೆಯ ಮೇಲೆ ಹೊದಿಸಿದ ಹಸಿರು ಚಾದರ ಅಷ್ಟೇ ನೀರಿನ ಮೇಲೆ ಹೋದಂತೆ ಕಂಡಿತು. ದಿಬ್ಬದ ಆಚೆ ಮರೆಯಾಗಿ ಮತ್ತೆ ಕಾಣಿಸಿಕೊಳ್ಳಲು ಒಂದೂವರೆ ತಾಸು ಹಿಡಿಯಿತು. ಯಾರೂ ಬೈಯಲಿಲ್ಲ. ಪುಂಡಲೀಕಪ್ಪನವರು ಹೊಲದ ನಡುವೆ ತಲೆಗೆ ಟವೆಲ್ಲು ಹಾಕಿಕೊಂಡು ಅಷ್ಟು ಹೊತ್ತೂ ನಿಂತಿದ್ದರು.

ಮೂರನೆಯ ದಿನ ಗೋರಿಗೆ ಹೋಗುವ ಜಿಯಾರತ್ತು, ಅದೇ ದಿನ ಮತದಾನ. ಗಂಡಸರು ಮಧ್ಯಾಹ್ನ ಬದುವಿನ ಮೇಲೆ ಹೋಗಿ, ಗೋರಿಯ ಹತ್ತಿರ ಫಾತಿಹಾ ಓದಿ, ಬದುವಿನ ಮೇಲೆಯೇ ತಿರುಗಿ ಬಂದು ಶಾಲೆಗೆ ಓಟು ಹಾಕಲು ಹೋದರು. ನಮ್ಮವರು ಅವರ ಜೊತೆ ತಿರುಗಿ ಬರಲಿಲ್ಲ. ನಾನು ಬಾಗಿಲಲ್ಲಿ ಕಾಯುತ್ತ ಕೂತೆ. ನಮ್ಮ ಮನೆಯಿಂದ ಶಾಲೆ ಕಾಣುತ್ತದೆ. ಶಾಲೆಯಿಂದ ಒಂದಿಷ್ಟು ದೂರ, ನಮ್ಮ ಕಟ್ಟೆಯ ಎದುರಿಗೇ ಚನ್ನಬಸವಣ್ಣ ಟೇಬಲ್ ಹಾಕಿಕೊಂಡು ಚೀಟಿ ಹಂಚುತ್ತಿದ್ದರು. ಹೊತ್ತು ಇಳಿದ ಮೇಲೆ ನಮ್ಮವರು ಹಳ್ಳದ ಕಡೆಯಿಂದ ಬಂದರು. ಸೊಂಟದವರೆಗೆ ಒದ್ದೆ, ಕಾಲಿಗೆ ಎರೆ ಮಣ್ಣು.

"ಬಾ ಬಾ, ಇನ್ನೂ ಅರ್ಧಾ ತಾಸು ಐತಿ. ನಿಂದೊಂದು ಉಳದೈತಿ ನೋಡು" ಎಂದು ಚನ್ನಬಸವಣ್ಣ ಚೀಟಿ ಚಾಚಿದರು.

ನಮ್ಮವರು ನಿಂತರು. "ನಂದೂ ಹಾಕಿ ಆಗೇತಿ ಅಂತ ಮೈಕಿನ್ಯಾಗ ಹೇಳಿಬಿಡ್ರಿ ಅಣ್ಣಾರ" ಅಂದರು.

ಟೇಬಲ್ಲಿನ ಸುತ್ತ ಇದ್ದವರು ನಕ್ಕರು. ಚನ್ನಬಸವಣ್ಣ ನಗಲಿಲ್ಲ. ಯಾರ ಮನಸ್ಸಿಗಾದರೂ ನಾಟುವಂತೆ ನಮ್ಮವರು ಮಾತಾಡಿದ್ದು ಜೀವಮಾನದಲ್ಲಿ ಅದೊಂದೇ ಸಲ. ಆಮೇಲೆ ಹದಿನಾಲ್ಕು ವರ್ಷ ಬದುಕಿದರು, ಎಷ್ಟೋ ಚುನಾವಣೆ ಬಂದವು, ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಒಳಗೆ ಬಂದಾಗ ಒಣ ಲುಂಗಿ ಕೊಟ್ಟೆ. "ಬದುವಿನ ಮ್ಯಾಲ ಬರಬೇಕಾಗಿತ್ತಲ್ರಿ" ಅಂದೆ.

"ಅಕಿ ಹೋದ ದಾರಿ ಒಮ್ಮೆ ಒಬ್ಬನ ನಡದು ನೋಡಬೇಕಾಗಿತ್ತು" ಅಂದರು. ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡು ಕೂತರು. "ಅವ್ವಗ ಗೊತ್ತಾಗಿತ್ತೇನ ದಿಲಶಾದ? ನಾ ಸುಳ್ಳ ಹೇಳೀನಿ ಅಂತ?"

ಅತ್ತೆಗೆ ಗೊತ್ತಿತ್ತು. ಜ್ವರ ಬರುವ ಹಿಂದಿನ ದಿನ ನಾನು ಬೆನ್ನು ತೊಳೆಯುವಾಗ ಅವರೇ ಹೇಳಿದ್ದರು. "ಅವನ ಕಿವಿ ನೋಡಿದಿ? ಸಣ್ಣಾಂವಿದ್ದಾಗಿಂದ ಹಂಗ. ಇರ್ಲಿ, ನನಗ ಗೊತ್ತಾಗೇತಿ ಅಂತ ಅವಗ ಹೇಳಬ್ಯಾಡ, ನೊಂದ್ಕೊಂತಾನ." ಆಮೇಲೆ ಗೋಡೆಯ ಕಡೆ ಮುಖ ಮಾಡಿಸು ಅಂದರು, ಮಾಡಿಸಿದೆ. ಅಳುತ್ತಿದ್ದರೋ ಏನೋ, ನಾನು ಬಗ್ಗಿ ನೋಡಲಿಲ್ಲ.

"ಇಲ್ರಿ. ಖರೆ ಅಂತ ನಂಬ್ಕೊಂಡ ಹ್ವಾದ್ರು" ಅಂದೆ.

ಅವರು ತಲೆ ಆಡಿಸಿ ರೊಟ್ಟಿ ತಿಂದರು.